ಓದುಗರ ಪ್ರಶ್ನೆ: ಹೊರದೇಶಕ್ಕೆ ಬರೆಯುವ ಮುನ್ನ ಊರಲ್ಲಿ ಏನೇನು ಕೂಡಿಡಬೇಕು?

ಪ್ರಶ್ನೆ: ನಮ್ಮೂರ ಸುತ್ತ ಹತ್ತಿ ಸೀಡ್ಸ್ ಪ್ಲಾಟುಗಳಿವೆ. ಆಗಸ್ಟ್ ಬಂತೆಂದರೆ ಐದು, ಆರನೇ ತರಗತಿಯ ಹೆಣ್ಣುಮಕ್ಕಳು ಕ್ರಾಸಿಂಗ್ (ಕೈಯಿಂದ ಹೂವಿಗೆ ಪರಾಗ ಸವರುವ) ಕೆಲಸಕ್ಕೆ ಹೋಗುತ್ತಾರೆ. ಬೀಜ ಕೊಳ್ಳುವ ಕಂಪನಿಯ ಮುಖ್ಯ ಕಚೇರಿ ಯುರೋಪಿನಲ್ಲಿದೆಯಂತೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗೆ ನಾವೇ ದೂರು ಬರೆಯಬಹುದೇ?
– ಮಹಿಳಾ ಸಂಘದ ಕಾರ್ಯದರ್ಶಿ, ಕುಷ್ಟಗಿ ತಾಲ್ಲೂಕು

ಉತ್ತರ: ನೇರವಾಗಿ ಆಗದು. 1919ರಲ್ಲಿ ಹುಟ್ಟಿದ ಆ ಸಂಘಟನೆಯಲ್ಲಿ ಮೂವರಿಗೇ ಜಾಗ: ಸರ್ಕಾರ, ಮಾಲೀಕರ ಸಂಘ, ಕಾರ್ಮಿಕರ ಸಂಘ. ಮಹಿಳಾ ಸಂಘ ಬರೆದ ಕಾಗದಕ್ಕೆ ಅಲ್ಲಿ ಕಡತ ತೆರೆಯುವುದಿಲ್ಲ. ಆದರೆ ಭಾರತ 2017ರ ಜೂನ್‌ನಲ್ಲಿ ಬಾಲಕಾರ್ಮಿಕತೆಯ ಎರಡೂ ಒಡಂಬಡಿಕೆಗಳಿಗೆ, ಅಂದರೆ 138 ಮತ್ತು 182ಕ್ಕೆ, ಒಪ್ಪಿ ಸಹಿ ಹಾಕಿದೆ. ಅವುಗಳ ಪಾಲನೆ ಬಗ್ಗೆ ಸರ್ಕಾರ ಕಾಲಕಾಲಕ್ಕೆ ವರದಿ ಕೊಡಬೇಕು, ಆ ವರದಿಯ ಮೇಲೆ ಕಾರ್ಮಿಕ ಸಂಘಗಳು ಟಿಪ್ಪಣಿ ಕಳಿಸಬಹುದು. ನಿಮ್ಮ ಜಿಲ್ಲೆಯಲ್ಲಿ ಶಾಖೆ ಇರುವ ಯಾವುದಾದರೂ ಕೇಂದ್ರ ಕಾರ್ಮಿಕ ಸಂಘಟನೆಯ ಮೂಲಕ ನಿಮ್ಮ ಮಾಹಿತಿ ಆ ಟಿಪ್ಪಣಿಯೊಳಗೆ ಸೇರಬಹುದು.

ಕಂಪನಿಯ ಮೇಲೆ ಹೋಗಲು ಇನ್ನೊಂದು ದಾರಿಯಿದೆ. ಒಇಸಿಡಿ ಎಂಬ ದೇಶಗಳ ಕೂಟ ಬಹುರಾಷ್ಟ್ರೀಯ ಕಂಪನಿಗಳಿಗೆ ನಡವಳಿಕೆಯ ಸೂತ್ರಗಳನ್ನು ಮಾಡಿದೆ. ಅದಕ್ಕೆ ಒಪ್ಪಿದ ಪ್ರತಿ ದೇಶದಲ್ಲೂ ಒಂದು ರಾಷ್ಟ್ರೀಯ ಸಂಪರ್ಕ ಕೇಂದ್ರ ಇರುತ್ತದೆ. ಭಾರತ ಒಪ್ಪಿಲ್ಲ, ಹಾಗಾಗಿ ಇಲ್ಲಿ ಕೇಂದ್ರವಿಲ್ಲ. ಕಂಪನಿಯ ತವರು ದೇಶದ ಕೇಂದ್ರಕ್ಕೆ ಬರೆಯಬೇಕು. ಅಲ್ಲಿಗೆ ಬರೆಯಲು ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶವಿದೆ, ವಕೀಲರು ಬೇಕಿಲ್ಲ. ದೂರು ತೆಗೆದುಕೊಳ್ಳಬೇಕೇ ಬೇಡವೇ ಎಂದು ಮೂರು ತಿಂಗಳೊಳಗೆ ಹೇಳಬೇಕು, ಒಟ್ಟು ಸುಮಾರು ಒಂದು ವರ್ಷದಲ್ಲಿ ಮುಗಿಸಬೇಕು ಎಂಬುದು ಗುರಿ. ಹೆಚ್ಚಾಗಿ ವರ್ಷ ದಾಟುತ್ತದೆ. ಕೇಂದ್ರ ದಂಡ ಹಾಕುವುದಿಲ್ಲ, ಪರಿಹಾರ ಕೊಡಿಸುವುದಿಲ್ಲ. ಎರಡೂ ಕಡೆಯವರನ್ನು ಕೂಡಿಸಿ ಮಾತಾಡಿಸುತ್ತದೆ. ಆಗದಿದ್ದರೆ ತನ್ನ ಅಭಿಪ್ರಾಯವನ್ನು ಬಹಿರಂಗ ಮಾಡುತ್ತದೆ. ಷೇರುದಾರರಿಗೆ ಮುಖ ತೋರಿಸಬೇಕಾದ ಕಂಪನಿಗೆ ಅದೂ ಬಿಸಿಯೇ.

ಇಂಥ ದೂರುಗಳು ಬಿದ್ದುಹೋಗುವುದು ಬಹುಪಾಲು ಒಂದೇ ಕಡೆ: ನಿಮ್ಮೂರ ಹೊಲಕ್ಕೂ ಆ ಕಂಪನಿಗೂ ಇರುವ ಕೊಂಡಿ ಕಾಗದದಲ್ಲಿ ಇರುವುದಿಲ್ಲ. ರೈತ ಕರಾರು ಮಾಡಿಕೊಳ್ಳುವುದು ಆರ್ಗನೈಸರ್ ಎಂಬ ಮಧ್ಯವರ್ತಿ ಜೊತೆ, ಕಂಪನಿ ಜೊತೆ ಅಲ್ಲ. ಆದ್ದರಿಂದ ಮೂಲಬೀಜದ ಪೊಟ್ಟಣದ ಮೇಲಿನ ಸಂಕೇತ, ಮುಂಗಡದ ಚೀಟಿ, ಬೀಜ ತೂಗಿದಾಗಿನ ರಸೀದಿ, ಈ ಮೂರರ ಪ್ರತಿ ಕೂಡಿಡಿ. ಹೊಲದ ಸರ್ವೆ ನಂಬರ್ ಬರೆದಿಡಿ.

ಎರಡನೆಯ ಸಾಕ್ಷಿ ಶಾಲೆಯ ಹಾಜರಿ. ಇಲ್ಲಿ ಒಂದು ಸೂಕ್ಷ್ಮವಿದೆ. ಕ್ರಾಸಿಂಗ್ ಎರಡು ಹೊತ್ತಿನ ಕೆಲಸ. ಸಂಜೆ, ಮರುದಿನ ಅರಳಲಿರುವ ಹೆಣ್ಣುಸಾಲಿನ ಮೊಗ್ಗು ಹುಡುಕಿ, ಹೆಬ್ಬೆರಳ ಉಗುರಿನಿಂದ ಎಸಳೂ ಕೇಸರವೂ ಕಿತ್ತು, ನಡುವಿನ ಶಲಾಕೆಗೆ (ಹೂವಿನ ಹೆಣ್ಣುಭಾಗಕ್ಕೆ) ಪೆಟ್ಟಾಗದಂತೆ ಬಿಡಬೇಕು. ಮರುದಿನ ಬೆಳಿಗ್ಗೆ ಗಂಡುಹೂವಿನ ಪರಾಗವನ್ನು ಆ ಶಲಾಕೆಗೆ ಸವರಬೇಕು. ಒಂದು ಮೊಗ್ಗು ಕಣ್ತಪ್ಪಿದರೂ ಅದು ತನ್ನಷ್ಟಕ್ಕೆ ಕಾಯಿಕಟ್ಟಿ ಬೀಜದ ಶುದ್ಧತೆ ಕೆಡುತ್ತದೆ, ಲಾಟು ತಿರಸ್ಕಾರವಾಗುತ್ತದೆ. ಒಂದು ದಿನವೂ ತಪ್ಪುವಂತಿಲ್ಲ, ಎರಡು ಮೂರು ತಿಂಗಳು ಹೀಗೇ. ಹಾಗಾಗಿ ಮಗು ನಡುಹೊತ್ತಿಗೆ ಶಾಲೆಗೆ ಬಂದು ಹೋಗಿ, ಪುಸ್ತಕದಲ್ಲಿ ಪೂರ್ತಿ ಹಾಜರಿಯೂ ಬಿದ್ದಿರಬಹುದು. ಬರೀ ಗೈರುಹಾಜರಿ ಎಣಿಸಿದರೆ ನಿಮಗೆ ಏನೂ ಸಿಗದು. ಮಗು ಬಂದ ಹೊತ್ತು, ಹೋದ ಹೊತ್ತು ದಿನಾಂಕದೊಂದಿಗೆ ಬರೆಯಿರಿ. ವಯಸ್ಸಿಗೆ ಶಾಲೆಯ ದಾಖಲಾತಿ ಪುಸ್ತಕವೇ ಆಧಾರ. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಇದನ್ನು ಓದಿಸಿ ನಡಾವಳಿಗೆ ಸೇರಿಸಿ, ಮಕ್ಕಳ ಗ್ರಾಮಸಭೆಯಲ್ಲೂ ಎತ್ತಿ. ಪಂಚಾಯಿತಿ ಮೊಹರು ಬಿದ್ದ ಒಂದು ಠರಾವು ಹತ್ತು ಪುಟದ ಲೇಖನಕ್ಕಿಂತ ಹೆಚ್ಚು ತೂಗುತ್ತದೆ.

ಮಕ್ಕಳ ಹೆಸರು ಬೇರೆ ಪುಸ್ತಕದಲ್ಲಿರಲಿ, ಹೊರಹೋಗುವ ಕಾಗದದಲ್ಲಿ ಅಂಕಿ ಮಾತ್ರ. ಮುಖ ಕಾಣುವ ಫೋಟೊ ಬೇಡವೇ ಬೇಡ. ಕಾನೂನು ಮೀರಿ ದುಡಿಯುತ್ತಿರುವ ಮಗುವಿನ ಗುರುತನ್ನು ಬಹಿರಂಗ ಮಾಡುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ.

ಹೊರದೇಶದ ಕಾಗದ ವರ್ಷಗಟ್ಟಲೆ ತಿರುಗುತ್ತದೆ, ಮಗು ಮಾತ್ರ ನಾಳೆಯೂ ಹೊಲದಲ್ಲಿರುತ್ತದೆ. ಆದ್ದರಿಂದ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ, ಕಾರ್ಮಿಕ ಇಲಾಖೆಗೆ ಲಿಖಿತ ದೂರು ಮೊದಲು ಆಗಲಿ. 14 ತುಂಬದ ಮಗುವನ್ನು ದುಡಿಸಿದರೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಇದರ ಏಟು ಒಂದೆಕರೆಯ ರೈತನಿಗೆ ಬಿದ್ದು, ಬೀಜಕ್ಕೆ ದರ ಗೊತ್ತುಮಾಡಿದವರು ಪಾರಾಗುತ್ತಾರೆಂಬುದು ನಿಜ. ಅದಕ್ಕೇ ನಿಮ್ಮ ದೂರಿನಲ್ಲಿ ಬೀಜದ ಖರೀದಿ ದರ ಎಷ್ಟು, ಅದರಲ್ಲಿ ದೊಡ್ಡವರಿಗೆ ಕೂಲಿ ಕೊಟ್ಟರೆ ರೈತನಿಗೆ ಏನುಳಿಯುತ್ತದೆ ಎಂಬ ಲೆಕ್ಕ ಇರಲೇಬೇಕು. ಯುರೋಪಿನ ಸಂಘಟನೆಗಳು ಆಂಧ್ರದ ಹತ್ತಿಬೀಜದ ಬಗ್ಗೆ 2000ದ ದಶಕದಲ್ಲಿ ಒತ್ತಡ ಹಾಕಿದಾಗ, ಮಕ್ಕಳನ್ನು ದುಡಿಸದ ರೈತರಿಗೆ ದರದ ಮೇಲೆ ಹೆಚ್ಚುವರಿ ಕೊಡಲು ಕೆಲವು ಕಂಪನಿಗಳು ಒಪ್ಪಿದ್ದವು. ಕೇಳಬೇಕಾದದ್ದು ಅದನ್ನೇ.

ಪ್ರಶ್ನೆ: ನಮ್ಮ ಟ್ರಸ್ಟ್‌ಗೆ ನಾಲ್ಕು ವರ್ಷ. ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಊರಲ್ಲೇ ಊಟ, ವಸತಿ ಮಾಡಲು ಜರ್ಮನಿಯ ಸಂಸ್ಥೆಯೊಂದು 6 ಲಕ್ಷ ರೂಪಾಯಿ ಕೊಡುತ್ತದಂತೆ. ನಮಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲ. ಬೆಂಗಳೂರಿನ ಸಂಸ್ಥೆಯ ಖಾತೆಗೆ ತರಿಸಿ ನಾವು ಪಡೆಯಬಹುದೇ? ಅಮೆರಿಕದಲ್ಲಿರುವ ನಮ್ಮೂರ ಹುಡುಗರೂ ಹಣ ಕೊಡಲು ಸಿದ್ಧರಿದ್ದಾರೆ.
– ಓದುಗರು, ಸಿಂಧನೂರು

ಉತ್ತರ: ಬೆಂಗಳೂರಿನ ದಾರಿ ಆ ಕಾಯ್ದೆಯ 2020ರ ತಿದ್ದುಪಡಿಯೊಂದಿಗೆ ಮುಚ್ಚಿತು. ಅದಕ್ಕೂ ಮೊದಲು ನೋಂದಾಯಿತ ಸಂಸ್ಥೆ ಇನ್ನೊಂದು ನೋಂದಾಯಿತ ಸಂಸ್ಥೆಗೆ ವಿದೇಶಿ ದೇಣಿಗೆ ವರ್ಗಾಯಿಸಬಹುದಿತ್ತು. ಈಗ ಯಾರಿಗೂ ವರ್ಗಾಯಿಸುವಂತಿಲ್ಲ. ಆ ಸಂಸ್ಥೆ ತಾನೇ ನಿಮ್ಮೂರಿಗೆ ಬಂದು, ತನ್ನ ಹೆಸರಿನ ಬಿಲ್ಲಿಗೆ ತಾನೇ ಹಣ ಕಟ್ಟಿ ಕೆಲಸ ಮಾಡಬಹುದು. ಅಕ್ಕಿ ಅಂಗಡಿಗೆ ಅವರೇ ಪಾವತಿಸಲಿ, ಅಡುಗೆಯವರ ಸಂಬಳ ಅವರೇ ಕೊಡಲಿ. ನಿಮ್ಮ ಟ್ರಸ್ಟ್ ಖಾತೆಗೆ ಒಂದು ರೂಪಾಯಿ ಬಂದರೂ ಇಬ್ಬರಿಗೂ ತೊಂದರೆ.

ನಿಮ್ಮದೇ ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಮೂಲ ಉದ್ದೇಶದ ಕೆಲಸಕ್ಕೆ ಒಟ್ಟು 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಕಚೇರಿ ಬಾಡಿಗೆ, ಆಡಳಿತದ ಸಂಬಳ ಇದರಲ್ಲಿ ಲೆಕ್ಕಕ್ಕಿಲ್ಲ. ಹಳ್ಳಿಯ ಸಂಸ್ಥೆಗಳು ಎಡವುವುದು ಇಲ್ಲೇ. ಊರವರು ಕೊಟ್ಟ ಜೋಳ, ಬಿಟ್ಟುಕೊಟ್ಟ ಕೋಣೆ, ಬಿಟ್ಟಿ ದುಡಿಮೆ ಯಾವುದೂ ಲೆಕ್ಕಪತ್ರಕ್ಕೆ ಬಂದಿರುವುದಿಲ್ಲ, ಆಡಿಟ್‌ನಲ್ಲಿ ಕಾಣದ್ದು ಗೃಹ ಸಚಿವಾಲಯಕ್ಕೂ ಕಾಣದು.

15 ಲಕ್ಷ ಆಗಿಲ್ಲದಿದ್ದರೆ ನಿಮಗೆ ತಕ್ಕದ್ದು ಪೂರ್ವಾನುಮತಿ. ಒಬ್ಬ ದಾನಿ, ಒಂದು ಯೋಜನೆ, ಇಂತಿಷ್ಟು ಮೊತ್ತ ಎಂದು ಎಫ್‌ಸಿ-3ಬಿ ನಮೂನೆಯಲ್ಲಿ ಆನ್‌ಲೈನ್ ಅರ್ಜಿ ಹಾಕಬೇಕು. ಜರ್ಮನಿಯವರಿಂದ ಮೊತ್ತವನ್ನೂ ಉದ್ದೇಶವನ್ನೂ ಸ್ಪಷ್ಟವಾಗಿ ಬರೆದ ಪತ್ರ, ನಿಮ್ಮ ಯೋಜನಾ ವರದಿ, ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಜಾಲತಾಣವಾದ ದರ್ಪಣ್‌ನ ಗುರುತಿನ ಸಂಖ್ಯೆ, ಪದಾಧಿಕಾರಿಗಳ ಆಧಾರ್ ಬೇಕು. ಹಣ ಮೊದಲು ಇಳಿಯಬೇಕಾದದ್ದು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೆ. ಅಲ್ಲಿಂದ ಸಿಂಧನೂರಿನ ಬ್ಯಾಂಕಿಗೆ ತಂದು ಬಳಸಬಹುದು. ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ, ತಿದ್ದುಪಡಿಗೆ ಮೊದಲು ಶೇ 50ರವರೆಗೆ ಇತ್ತು. ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ, ಅಂದರೆ ಡಿಸೆಂಬರ್ 31ರೊಳಗೆ, ಎಫ್‌ಸಿ-4 ಲೆಕ್ಕ ಸಲ್ಲಿಸಬೇಕು. ಅನುಮತಿ ಬರುವವರೆಗೆ ಒಂದು ಕಂತನ್ನೂ ತರಿಸಬೇಡಿ, ಸಾಲವೆಂದೂ ಬೇಡ. ಗುಳೆ ದೀಪಾವಳಿ ಮುಗಿದ ಮೇಲೆ ಎಂದಾದರೆ ಅರ್ಜಿ ಅದೇ ವರ್ಷದ ಆರಂಭದಲ್ಲಿ ಹೋಗಿರಲಿ.

ಅಮೆರಿಕದ ಹುಡುಗರ ವಿಷಯದಲ್ಲಿ ಪಾಸ್‌ಪೋರ್ಟ್ ಕೇಳಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟದ್ದು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಊರ ಜಾತ್ರೆಗೆ ಬಂದಾಗ ಅವರು ರೂಪಾಯಿ ನೋಟಲ್ಲಿ ಕೊಟ್ಟರೂ ಅಷ್ಟೇ. ಪಾಸ್‌ಪೋರ್ಟಿನ ನಕಲು ಪಡೆದು ರಸೀದಿ ಜೊತೆ ಪಿನ್ ಮಾಡಿಡಿ.

ಪ್ರಶ್ನೆ: ದೋಹಾದಲ್ಲಿ ವಿಶ್ವಸಂಸ್ಥೆಯ ಸಾಮಾಜಿಕ ಅಭಿವೃದ್ಧಿ ಶೃಂಗಸಭೆ ಆಯಿತು ಎಂದು ಓದಿದೆ. ಅದರಿಂದ ರಾಯಚೂರಿನ ಅಜ್ಜಿಗೆ ಏನು ಬಂತು?
– ಸಮಾಜಕಾರ್ಯ ವಿದ್ಯಾರ್ಥಿನಿ, ರಾಯಚೂರು

ಉತ್ತರ: ನೇರವಾಗಿ ಏನೂ ಬರಲಿಲ್ಲ. ಮೊದಲ ಶೃಂಗಸಭೆ 1995ರ ಮಾರ್ಚ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದು ಹತ್ತು ವಚನಗಳನ್ನು ಕೊಟ್ಟಿತು. ಎರಡನೆಯದು ಮೂವತ್ತು ವರ್ಷದ ಮೇಲೆ, 2025ರ ನವೆಂಬರ್ 4ರಿಂದ 6ರವರೆಗೆ ದೋಹಾದಲ್ಲಿ. ಹಿಡಿದುಕೊಳ್ಳಲು ಹೆಚ್ಚು ಗಟ್ಟಿಯಾದದ್ದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2012ರ 202ನೇ ಶಿಫಾರಸು. ದೇಶ ಎಷ್ಟೇ ಬಡವಾಗಿರಲಿ ನಾಲ್ಕಕ್ಕೆ ಖಾತ್ರಿ ಕೊಡಬೇಕು ಎಂದು ಅದು ಹೇಳುತ್ತದೆ: ಎಲ್ಲರಿಗೂ ಅಗತ್ಯ ವೈದ್ಯಕೀಯ ನೆರವು, ಮಕ್ಕಳಿಗೆ, ದುಡಿಯಲಾಗದ ವಯಸ್ಕರಿಗೆ, ಮುದುಕರಿಗೆ ಕನಿಷ್ಠ ಆದಾಯ. ಶಿಫಾರಸು ಆದ್ದರಿಂದ ಕಟ್ಟುಪಾಡಿಲ್ಲ, ಆದರೆ ಅಳತೆಗೋಲು ಸಿಕ್ಕಿತು. ರಾಜ್ಯದ ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿ ದಿನಕ್ಕೆ 40 ಆಗುತ್ತದೆ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ ತಿಂಗಳಿಗೆ 200 ಮಾತ್ರ. ಅದನ್ನು ಆ ಕೋಲಿನಿಂದ ಅಳೆದು ಕೇಳುವುದು ನಮ್ಮ ಹಕ್ಕು.

ಕ್ಷೇತ್ರಕಾರ್ಯಕ್ಕೆ ಹೋದಾಗ ಪಿಂಚಣಿ ನಿಂತಿದೆ ಎನ್ನುವ ಅಜ್ಜಿಯ ಬ್ಯಾಂಕ್ ಪುಸ್ತಕಗಳನ್ನೆಲ್ಲ ಕೇಳಿ ನೋಡಿ. ಎರಡು ಖಾತೆ ಇದ್ದರೆ, ಹಣ ತೀರಾ ಈಚೆಗೆ ಆಧಾರ್ ಜೋಡಿಸಿದ ಖಾತೆಗೆ ಹೋಗಿ ಬಿದ್ದಿರುತ್ತದೆ. ಎಷ್ಟೋ ಸಲ ಪಿಂಚಣಿ ನಿಂತೇ ಇರುವುದಿಲ್ಲ.

ಪ್ರಶ್ನೆ: ಗಣಿಬಾಧಿತ ಹಳ್ಳಿಗಳ ನಮ್ಮ ಒಕ್ಕೂಟಕ್ಕೆ ವಿಶ್ವಸಂಸ್ಥೆಯ ಮಾನ್ಯತೆ ಕೊಡಿಸುತ್ತೇವೆ ಎಂದು ಒಬ್ಬರು 40 ಸಾವಿರ ಕೇಳುತ್ತಿದ್ದಾರೆ. ಕೊಡಬಹುದೇ?
– ಓದುಗರು, ಸಂಡೂರು ತಾಲ್ಲೂಕು

ಉತ್ತರ: ಕೊಡಬೇಡಿ. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಕೊಡುವ ಸಲಹಾ ಸ್ಥಾನಮಾನದ ಅರ್ಜಿಗೆ ಶುಲ್ಕವಿಲ್ಲ. ಸಂಸ್ಥೆ ನೋಂದಣಿಯಾಗಿ ಎರಡು ವರ್ಷ ಆಗಿರಬೇಕು, ಅರ್ಜಿ ಜೂನ್ 1ರೊಳಗೆ ಆನ್‌ಲೈನ್‌ನಲ್ಲಿ ಹೋಗಬೇಕು. 19 ದೇಶಗಳ ಸಮಿತಿ ಅದನ್ನು ಮುಂದಿನ ವರ್ಷ ನೋಡುತ್ತದೆ, ಪ್ರಶ್ನೆ ಕೇಳಿ ಮುಂದೂಡುವುದೂ ಉಂಟು. ಸಿಕ್ಕರೆ ಸಭೆಗೆ ಪ್ರವೇಶ, ಹಣವಲ್ಲ.

ನಿಮಗೆ ಅದು ಬೇಕೇ ಇಲ್ಲದಿರಬಹುದು. ದೇಶದ ಮಾನವ ಹಕ್ಕು ಸ್ಥಿತಿಯನ್ನು ವಿಶ್ವಸಂಸ್ಥೆ ನಾಲ್ಕೈದು ವರ್ಷಕ್ಕೊಮ್ಮೆ ಪರಿಶೀಲಿಸುತ್ತದೆ. ಭಾರತದ್ದು ಕೊನೆಗೆ ಆದದ್ದು 2022ರ ನವೆಂಬರ್‌ನಲ್ಲಿ. ಅದಕ್ಕೆ ಮಾಹಿತಿ ಕಳಿಸಲು ಯಾವ ಸ್ಥಾನಮಾನವೂ ಬೇಡ. ಒಬ್ಬರೇ ಕಳಿಸಿದರೆ 2,815 ಪದ, ಹಲವು ಸಂಘಟನೆ ಕೂಡಿ ಕಳಿಸಿದರೆ 5,630 ಪದ ಮಿತಿ. ಕೂಡಿಯೇ ಕಳಿಸಿ.

ಆದರೆ ನಿಮ್ಮ ಬಾಗಿಲಲ್ಲೇ ಇರುವ ಹಣ ಜಿಲ್ಲಾ ಖನಿಜ ಪ್ರತಿಷ್ಠಾನದ್ದು. 2015ರಿಂದ ಗಣಿ ಗುತ್ತಿಗೆದಾರರು ರಾಜಧನದ ಮೇಲೆ, ಹಳೆ ಗುತ್ತಿಗೆಯಾದರೆ ಶೇ 30, ಹರಾಜಿನಲ್ಲಿ ಪಡೆದದ್ದಾದರೆ ಶೇ 10, ಇದಕ್ಕೆ ಕಟ್ಟಬೇಕು. 2024ರ ಮಾರ್ಗಸೂಚಿಯಂತೆ ಕನಿಷ್ಠ ಶೇ 70 ಭಾಗ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಗಳಿಗೇ ಹೋಗಬೇಕು. ಕೆಂಧೂಳಿನ ಬಗ್ಗೆ ಮನವಿ ಎಂದಷ್ಟೇ ಬರೆದ ಕಾಗದ ಕಪಾಟು ಸೇರುತ್ತದೆ. ಗ್ರಾಮಸಭೆಯ ಠರಾವು, ಹಾಜರಿ ಸಹಿಗಳು, ಕೆಲಸದ ಜಾಗ, ಎಂಜಿನಿಯರ್ ಮಾಡಿದ ಅಂದಾಜು ಪಟ್ಟಿ, ಈ ನಾಲ್ಕನ್ನೂ ಸೇರಿಸಿ ಪ್ರತಿಷ್ಠಾನಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೊಮ್ಮೆ ಹೊರದೇಶಕ್ಕೆ ಬರೆಯುವ ಸಂದರ್ಭ ಬಂದರೆ ಮೊದಲ ಲಗತ್ತು ಆ ಸ್ವೀಕೃತಿಯೇ.