ಸರ್ಕಾರ ತನ್ನ ಕೆಲಸದ ವರದಿಯನ್ನು ಜನರ ಮುಂದಿಡುವ ಪದ್ಧತಿ ನಮ್ಮಲ್ಲಿ ಯಾವಾಗ ಶುರುವಾಯಿತು?

ತುಂಬಾ ಜನ 2005ರ ಮಾಹಿತಿ ಹಕ್ಕು ಕಾಯ್ದೆ ಅಂತಾರೆ. ಆದರೆ ನಮ್ಮ ಮೈಸೂರಿನಲ್ಲಿ ಇದರ ಬೇರು ಇನ್ನೂ ಹಳೆಯದು.

1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ದಸರಾ ಸಮಯದಲ್ಲಿ ತಾಲ್ಲೂಕುಗಳಿಂದ ರೈತರು, ವ್ಯಾಪಾರಿಗಳು ಬಂದು ಸೇರುತ್ತಿದ್ದರು. ದಿವಾನರು ಎದ್ದು ನಿಂತು ಹಿಂದಿನ ವರ್ಷದ ಆಡಳಿತದ ವರದಿ ಓದುತ್ತಿದ್ದರು. ಆದಾಯ ಎಷ್ಟು, ಖರ್ಚು ಎಷ್ಟು, ಮುಂದೆ ಏನು ಮಾಡುತ್ತೇವೆ ಎಂಬುದೆಲ್ಲ ಅದರಲ್ಲಿರುತ್ತಿತ್ತು. ಸದಸ್ಯರು ತಮ್ಮ ಊರಿನ ಕಷ್ಟ ಹೇಳಿಕೊಳ್ಳಬಹುದಿತ್ತು. ಕಾನೂನು ಮಾಡುವ ಅಧಿಕಾರ ಅವರಿಗೆ ಇರಲಿಲ್ಲ. ಮೊದಲು ಚುನಾವಣೆಯೂ ಇರಲಿಲ್ಲ. ಆದರೂ ರಾಜರ ಕಾಲದಲ್ಲಿ ಇದು ದೊಡ್ಡ ಹೆಜ್ಜೆ ಅಲ್ವಾ? ನನಗಂತೂ ಇದು ಹೆಮ್ಮೆಯ ವಿಷಯ.

ಆದರೆ ಆಗ ಏನು ಹೇಳಬೇಕು ಅಂತ ಸರ್ಕಾರವೇ ತೀರ್ಮಾನಿಸುತ್ತಿತ್ತು. ಅದನ್ನು ತಿರುಗಿಸಿದ್ದು ರಾಜಸ್ಥಾನದ ಹಳ್ಳಿಗಳ ಕೂಲಿಕಾರರು. ಬರ ಪರಿಹಾರದ ಕೆಲಸಕ್ಕೆ ಪೂರ್ತಿ ಕೂಲಿ ಸಿಗದಾಗ ಅವರು ಹಾಜರಿ ಪಟ್ಟಿ, ಬಿಲ್ಲು ತೋರಿಸಿ ಅಂತ ಪಟ್ಟು ಹಿಡಿದರು. 1994ರಿಂದ ಅವರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಬಯಲಿನಲ್ಲೇ ಜನಸುನ್ವಾಯಿ, ಅಂದರೆ ಜನರ ಮುಂದೆ ಬಹಿರಂಗ ವಿಚಾರಣೆ, ನಡೆಸಿ ಆ ಲೆಕ್ಕಗಳನ್ನು ಗಟ್ಟಿಯಾಗಿ ಓದಿಸಿತು. ಸತ್ತವರ ಹೆಸರಲ್ಲೂ ಕೂಲಿ ಬರೆದದ್ದು, ಕಟ್ಟದ ಕಟ್ಟಡಕ್ಕೆ ಹಣ ತೆಗೆದದ್ದು ಊರವರ ಎದುರಲ್ಲೇ ಬಯಲಾಯಿತು.

ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತು. ಆಮೇಲೆ ಬಂದದ್ದು 2005ರ ಕೇಂದ್ರ ಕಾಯ್ದೆ. ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು ಅನ್ನೋದು ಎಲ್ಲರಿಗೂ ಗೊತ್ತು. ಅದರ 4ನೇ ಸೆಕ್ಷನ್ ಮಾತ್ರ ಜಾಸ್ತಿ ಜನರಿಗೆ ಗೊತ್ತಿಲ್ಲ: ಯಾರೂ ಕೇಳದಿದ್ದರೂ ಕಚೇರಿಗಳು ತಮ್ಮ ಬಜೆಟ್, ನಿಯಮ, ಫಲಾನುಭವಿಗಳ ವಿವರವನ್ನು ತಾವಾಗಿಯೇ ಪ್ರಕಟಿಸಬೇಕು.