ಮಗುವಿನ ಕಾರ್ ಸೀಟು ಅಲ್ಲಾಡುತ್ತಿದೆಯೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಚೌತಿಗೆ ಕಾರಿನಲ್ಲಿ ಕುಂದಾಪುರಕ್ಕೆ ಹೊರಟಿದ್ದೇವೆ. ಮಗನಿಗೆ ಎಂಟು ತಿಂಗಳು, ತೂಕ 9 ಕೆ.ಜಿ. ನಾವು ಕೊಂಡ ಸೀಟಿನ ಮೇಲೆ 0–18 ಕೆ.ಜಿ. ಎಂದಿದೆ. 9 ಕೆ.ಜಿ. ಆಯಿತಲ್ಲ, ಇನ್ನು ಮುಂದಕ್ಕೆ ಮುಖ ಮಾಡಿ ಕೂರಿಸಿ ಎಂದರು ಅಂಗಡಿಯವರು. ಅತ್ತೆಯವರು ಸೀಟೇ ಬೇಡ, ತೊಡೆಯ ಮೇಲೆ ಮಲಗಿಸಿಕೊಳ್ಳುತ್ತೇನೆ ಅನ್ನುತ್ತಾರೆ. ಕಾರು ಹಳೆಯದು, ಐಸೋಫಿಕ್ಸ್ (ಮಗುವಿನ ಸೀಟನ್ನು ಬೆಲ್ಟಿಲ್ಲದೆ ನೇರ ಸಿಕ್ಕಿಸುವ ಕಾರಿನ ಕೊಂಡಿಗಳು) ಇಲ್ಲ. (ಡೊಂಬಿವಲಿ)

ಉತ್ತರ: ಅತ್ತೆಯವರಿಗೆ ಈ ಲೆಕ್ಕ ಹೇಳಿ. ಗಂಟೆಗೆ 50 ಕಿ.ಮೀ. ವೇಗದ ಕಾರು ಎಲ್ಲಿಗಾದರೂ ಗುದ್ದಿ ಅರ್ಧ ಮೀಟರಿನೊಳಗೆ ನಿಂತರೆ, 9 ಕೆ.ಜಿ.ಯ ಮಗುವನ್ನು ಹಿಡಿದಿಡಲು ಸುಮಾರು 180 ಕೆ.ಜಿ. ತೂಕ ಎತ್ತುವಷ್ಟು ಬಲ ಬೇಕು. ಯಾರ ಕೈಗೂ ಅದು ಸಾಧ್ಯವಿಲ್ಲ. ಅತ್ತೆಯವರೇ ಬೆಲ್ಟ್ ಹಾಕಿರದಿದ್ದರೆ ಅವರ ಮೈಭಾರವೂ ಮಗುವಿನ ಮೇಲೆಯೇ.

ಅಂಗಡಿಯವರ ಸಲಹೆ ಬೇಡ. ಇಂಥ ಸೀಟುಗಳನ್ನು 13 ಕೆ.ಜಿ.ವರೆಗೆ ಹಿಮ್ಮುಖವಾಗಿ ಬಳಸಬಹುದು, 9ರಿಂದ 18 ಕೆ.ಜಿ.ವರೆಗೆ ಮುಮ್ಮುಖವಾಗಿ. 9 ಅನ್ನುವುದು ಕನಿಷ್ಠ ಮಿತಿ, ತಿರುಗಿಸಲೇಬೇಕಾದ ದಿನವಲ್ಲ. ಯುರೋಪಿನ ಹೊಸ ಆರ್129 ನಿಯಮವಂತೂ 15 ತಿಂಗಳು ದಾಟುವ ತನಕ ಹಿಮ್ಮುಖವೇ ಎನ್ನುತ್ತದೆ. ಎಳೆಮಗುವಿನ ತಲೆ ಭಾರ, ಕುತ್ತಿಗೆ ಬಲಿತಿರುವುದಿಲ್ಲ. ಹಿಮ್ಮುಖವಾಗಿದ್ದರೆ ಹೊಡೆತವನ್ನು ಇಡೀ ಬೆನ್ನು ಹಂಚಿಕೊಳ್ಳುತ್ತದೆ. ಮುಮ್ಮುಖವಾದರೆ ಪಟ್ಟಿ ಮೈಯನ್ನು ಹಿಡಿಯುತ್ತದೆ, ತಲೆ ಮಾತ್ರ ಮುಂದಕ್ಕೆ ಎಸೆಯಲ್ಪಡುತ್ತದೆ. ಕಾಲು ಮಡಚಿಕೊಂಡಿದೆ ಎಂದು ತಿರುಗಿಸಬೇಡಿ, 13 ಕೆ.ಜಿ. ಆಗುವವರೆಗೆ, ಇಲ್ಲವೇ ನೆತ್ತಿ ಸೀಟಿನ ಮೇಲಂಚಿಗೆ ಬರುವವರೆಗೆ ಹಾಗೇ ಇರಲಿ.

ಇನ್ನು ಕೂರಿಸುವ ಕೆಲಸ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ. ಸೀಟು ಹಿಂದಿನ ಸಾಲಿನಲ್ಲೇ ಇರಲಿ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟು ಖಂಡಿತ ಕೂಡದು, ಏರ್‌ಬ್ಯಾಗ್ ನೇರ ಮಗುವಿನ ತಲೆಯ ಹಿಂಬದಿಗೇ ಬಡಿಯುತ್ತದೆ. ಸೀಟಿನ ಪಕ್ಕದಲ್ಲಿ ಎರಡು ಬಣ್ಣದ ಗುರುತುಗಳಿರುತ್ತವೆ: ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಕಾರಿನ ಬೆಲ್ಟನ್ನು ನೀಲಿ ಗುರುತಿನಲ್ಲೇ ಹಾಯಿಸಿ ಬಕಲ್ ಹಾಕಿ. ಸೀಟನ್ನು ಮೈಭಾರ ಹಾಕಿ ಒತ್ತಿ ಹಿಡಿದು, ಮೊದಲು ಸೊಂಟದ ಪಟ್ಟಿಯನ್ನು, ಆಮೇಲೆ ಭುಜದ ಪಟ್ಟಿಯನ್ನು ಎಳೆದು ಬಿಗಿಮಾಡಿ. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿ ನೋಡಿ: 2.5 ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ಮೇಲಂಚು ಸ್ವಲ್ಪ ಬಾಗಿದರೆ ಗಾಬರಿ ಬೇಡ, ಹಿಮ್ಮುಖ ಸೀಟಿನಲ್ಲಿ ಅದು ಸಹಜ. ಬಕಲ್ಲಿನ ಡಬ್ಬಿಯೇ ಮಗುವಿನ ಸೀಟಿನ ಅಂಚಿಗೆ ಮಡಚಿ ಒತ್ತಿಕೊಂಡಿದ್ದರೆ ಸೀಟನ್ನು ಬೇರೆ ಕಡೆಗೆ ಬದಲಿಸಿ, ಅಪಘಾತದ ಹೊಡೆತಕ್ಕೆ ಅದು ಬಿಚ್ಚಿಕೊಂಡೀತು. ಹಳೆಯ ಕಾರುಗಳಲ್ಲಿ ಬೆಲ್ಟೇ ಗಿಡ್ಡವಾಗಿ ಹಿಮ್ಮುಖ ಸೀಟನ್ನು ಸುತ್ತದಿರುವುದೂ ಉಂಟು, ಹಾಗಾಗಿ ಚೌತಿಯ ಹಿಂದಿನ ರಾತ್ರಿಯಲ್ಲ, ಈಗಲೇ ಹಾಕಿ ನೋಡಿ.

ಮಗುವಿನ ಭುಜಪಟ್ಟಿ ಭುಜದ ಮಟ್ಟದಿಂದ ಅಥವಾ ಸ್ವಲ್ಪ ಕೆಳಗಿನಿಂದ ಹೊರಡಬೇಕು. ಭುಜದ ಬಳಿ ಪಟ್ಟಿಯನ್ನು ಚಿವುಟಿದರೆ ಬೆರಳಿಗೆ ಮಡಿಕೆ ಸಿಗಬಾರದು. ಮಳೆಗಾಲವೆಂದು ದಪ್ಪ ಸ್ವೆಟರ್ ತೊಡಿಸಿ ಪಟ್ಟಿ ಕಟ್ಟಬೇಡಿ. ಕಟ್ಟಿದ ಮೇಲೆ ಹೊದಿಕೆ ಹೊದಿಸಿ. ಹೆದ್ದಾರಿ 66ರಲ್ಲಿ ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಿ ಮಗುವನ್ನು ಎತ್ತಿಕೊಳ್ಳಿ.

ಪ್ರಶ್ನೆ: ಅಮೆರಿಕದಿಂದ ಭಾವ ತಂದುಕೊಟ್ಟ ಬಳಸಿದ ಸೀಟು. ಮೂರು ವರ್ಷದ ಮಗಳಿಗೆ ಮುಮ್ಮುಖವಾಗಿ ಹಾಕಿದರೆ ಎಷ್ಟು ಬಿಗಿ ಮಾಡಿದರೂ ಸಡಿಲವಾಗುತ್ತದೆ. (ಚಿಂಚವಾಡ)

ಉತ್ತರ: ಅಲ್ಲಿನ ಕಾರುಗಳ ಬೆಲ್ಟನ್ನು ಪೂರ್ತಿ ಎಳೆದು ಬಿಟ್ಟರೆ ಅದು ಲಾಕ್ ಆಗಿ ಬಿಗಿಯಾಗಿಯೇ ಉಳಿಯುತ್ತದೆ. ನಮ್ಮಲ್ಲಿ ಹೆಚ್ಚಿನ ಕಾರುಗಳ ಬೆಲ್ಟ್ ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ಹಿಡಿಯುತ್ತದೆ, ಆದ್ದರಿಂದ ಸೀಟು ಸಡಿಲಾಗುತ್ತಲೇ ಹೋಗುತ್ತದೆ. ಸೀಟಿನಲ್ಲೇ ಬೆಲ್ಟನ್ನು ಕಚ್ಚಿ ಹಿಡಿಯುವ ಕ್ಲಿಪ್ ಇದೆಯೇ ಹುಡುಕಿ; ಇದ್ದರೆ ಅದನ್ನೇ ಬಳಸಿ. ಮುಮ್ಮುಖ ಸೀಟಿಗೆ, ಅದರ ಬೆನ್ನಿನ ಮೇಲ್ಭಾಗದಿಂದ ಕಾರಿಗೆ ಕಟ್ಟುವ ಉದ್ದ ಪಟ್ಟಿಯೂ ಬೇಕು. ಅದನ್ನು ಕಾರಿನ ಕೈಪಿಡಿ ತೋರಿಸುವ ಕೊಂಡಿಗೇ ಸಿಕ್ಕಿಸಬೇಕು, ಡಿಕ್ಕಿಯಲ್ಲಿ ಸಾಮಾನು ಕಟ್ಟುವ ಕೊಕ್ಕೆಗಲ್ಲ. ಎರಡೂ ಹತ್ತಿರದಲ್ಲೇ ಇರುವುದರಿಂದ ಜನ ಏಮಾರುತ್ತಾರೆ. ಇಷ್ಟೆಲ್ಲ ಮಾಡಿಯೂ ಅಲ್ಲಾಡಿದರೆ ಭಾವನಿಗೆ ಬೇಸರವಾದರೂ ಇಲ್ಲಿಯದೇ ಒಂದು ಸೀಟು ಕೊಳ್ಳಿ. ಆ ಸೀಟು ಅಪಘಾತ ಕಂಡಿದೆಯೇ, ಲೇಬಲ್ಲಿನ ಬಳಕೆಯ ಅವಧಿ ಮುಗಿದಿದೆಯೇ ಎಂದೂ ಕೇಳಿ ತಿಳಿಯಿರಿ. ಬಕಲ್ ಜಿಗುಟಾಗಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ, ಎಣ್ಣೆ ಹಾಕಬೇಡಿ.

ಪ್ರಶ್ನೆ: ಮೂರು ವರ್ಷದ ಮಗ ಸ್ಕೂಟರಿನ ಮುಂದೆ ನಿಂತೇ ಬರುತ್ತಾನೆ. ವಾಸ್ಕೋದೊಳಗೆ ಸಣ್ಣ ಓಡಾಟ ಅಷ್ಟೇ. (ವಾಸ್ಕೋ)

ಉತ್ತರ: ಬ್ರೇಕ್ ಹಿಡಿದ ಕ್ಷಣ ಅವನ ಎದೆ, ಮುಖ ಬಡಿಯುವುದು ಹ್ಯಾಂಡಲಿಗೆ. 2023ರ ಫೆಬ್ರವರಿ 15ರಿಂದ ಜಾರಿಯಲ್ಲಿರುವ ನಿಯಮ ಹೇಳುವುದಿಷ್ಟು: ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗು ಹಿಂದೆ ಕೂರಬೇಕು, ಮಗುವಿಗೆ ತೊಡಿಸಿ ಸವಾರರ ಭುಜಕ್ಕೆ ಕಟ್ಟುವ ಪಟ್ಟಿಯ ಜಾಕೆಟ್ ಇರಬೇಕು, ತಲೆಗೆ ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ಮೀರಬಾರದು. ಜಾಕೆಟ್ 30 ಕೆ.ಜಿ. ತಾಳುವಂಥದ್ದಾಗಿರಲಿ. ಹೆಲ್ಮೆಟ್ ಕೊಳ್ಳುವ ಮುನ್ನ ತಲೆಯ ಸುತ್ತಳತೆ ತೆಗೆದುಕೊಳ್ಳಿ; ಮುಂದಕ್ಕೂ ದೊಡ್ಡದಾಗಲಿ ಎಂದು ಕೊಂಡ ಹೆಲ್ಮೆಟ್ ಬಿದ್ದಾಗ ಜಾರುತ್ತದೆ.

ಪ್ರಶ್ನೆ: ಏಳು ವರ್ಷದ ಮೊಮ್ಮಗಳ ಜೊತೆ ಟ್ಯಾಕ್ಸಿಯಲ್ಲಿ ಹೋಗುವಾಗ ಬೆಲ್ಟ್ ಅವಳ ಕುತ್ತಿಗೆಗೆ ಉಜ್ಜುತ್ತದೆ. (ಮಾಟುಂಗಾ)

ಉತ್ತರ: ಅವಳಿಗೆ ಬೂಸ್ಟರ್ ಬೇಕು, ಅಂದರೆ ಕಾರಿನ ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು. ಕೈಯಲ್ಲಿ ಹಿಡಿದೊಯ್ಯುವಷ್ಟು ಹಗುರವಾದವು ಸಿಗುತ್ತವೆ. ಎತ್ತರ 135ರಿಂದ 150 ಸೆಂ.ಮೀ. ಆಗುವ ತನಕ ಬಳಸಿ. ಪಟ್ಟಿ ಭುಜದ ನಡುವೆ ಹಾಯಬೇಕು, ಕೆಳಗಿನದು ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ. ಉಜ್ಜುತ್ತದೆ ಎಂದು ಪಟ್ಟಿಯನ್ನು ಕಂಕುಳಡಿ ತೂರಿಸಬೇಡಿ, ಪಕ್ಕೆಲುಬಿಗೇ ಪೆಟ್ಟು. ಹಿಂದಿನ ನಡುವಿನ ಜಾಗದಲ್ಲಿ ಬರೀ ಸೊಂಟದ ಬೆಲ್ಟ್ ಇದ್ದರೆ ಬೂಸ್ಟರನ್ನು ಅಲ್ಲಿ ಇಡಬೇಡಿ, ಕಿಟಕಿ ಬದಿಗೆ ಇಡಿ. ಹದಿನಾಲ್ಕರೊಳಗಿನ ಮಕ್ಕಳನ್ನು ಬೆಲ್ಟಿಲ್ಲದೆ ಕೂರಿಸಿದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 1,000 ರೂಪಾಯಿ ದಂಡ. ಬಕಲ್ ಸೀಟಿನ ಕವರಿನಡಿ ಹೂತುಹೋಗಿದ್ದರೆ ಹೊರಡುವ ಮುಂಚೆಯೇ ಚಾಲಕರಿಗೆ ಹೇಳಿ ತೆಗೆಸಿಕೊಳ್ಳಿ.