ಬಚ್ಚಲುಮನೆಯ ಬಾಗಿಲು ತೆರೆದೇ ಇರಲಿ

ಓದುಗರ ಪತ್ರ: “ನಮ್ಮ ಕರಿಯನಿಗೆ ಏಳು ವರ್ಷ. ಲ್ಯಾಬ್ರಡಾರ್, ಮೈಯೆಲ್ಲ ಕಪ್ಪು, ತೂಕ ಸ್ವಲ್ಪ ಜಾಸ್ತಿ. ನಾವಿಬ್ಬರೂ ಕೆಲಸಕ್ಕೆ ಹೋಗುವುದರಿಂದ ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮನೆಯಲ್ಲಿ ಅವನೊಬ್ಬನೇ. ಹಾಲ್‌ನಲ್ಲಿ ಫ್ಯಾನ್ ಹಾಕಿ, ಮೆತ್ತನೆಯ ಹಾಸಿಗೆ ಹಾಸಿ ಹೋಗುತ್ತೇವೆ. ಅವನೋ ಅದನ್ನು ಬಿಟ್ಟು ಬಚ್ಚಲುಮನೆಯಲ್ಲಿ, ಕಮೋಡಿನ ಪಕ್ಕ ನೆಲಕ್ಕೆ ಹೊಟ್ಟೆ ಅಂಟಿಸಿಕೊಂಡು ಮಲಗುತ್ತಾನೆ. ಗಲೀಜು ಅಭ್ಯಾಸವೆಂದು ಈಚೆಗೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದೇವೆ. ಬೇಸಿಗೆ ಮುಗಿಯುವವರೆಗೆ ಅವನ ಕೂದಲು ಪೂರ್ತಿ ಬೋಳಿಸಿಬಿಡೋಣವೇ? ಐಸ್ ನೀರು ಕೊಟ್ಟರೆ ಹೊಟ್ಟೆ ಉಬ್ಬುತ್ತದೆ ಎನ್ನುತ್ತಾರೆ, ನಿಜವೇ? ಒದ್ದೆ ಟವೆಲ್ ಹೊದಿಸಿ ಹೋಗಬಹುದೇ?”

ಸಂಪಾದಕರ ಉತ್ತರ:

ಮೊದಲು ಆ ಬಚ್ಚಲುಮನೆಯ ಬಾಗಿಲು ತೆಗೆಯಿರಿ. ಮಿಕ್ಕಿದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

(ನಾಯಿಯನ್ನು ‘ಅದು’ ಎಂದೇ ಬರೆಯಬೇಕೆಂಬುದು ನಮ್ಮಲ್ಲಿ ಕರಡು ತಿದ್ದುವವರ ಹಟ. ನೀವು ‘ಅವನು’ ಎಂದು ಬರೆದಿದ್ದೀರಿ. ಈ ಪುಟದ ಮಟ್ಟಿಗೆ ನಿಮ್ಮ ಮಾತೇ ನಡೆಯಲಿ.)

ಇಡೀ ಮನೆಯಲ್ಲಿ ತಣ್ಣಗಿರುವ ಜಾಗ ಯಾವುದೆಂದು ಕರಿಯ ಹುಡುಕಿಕೊಂಡಿದ್ದಾನೆ, ಅಷ್ಟೆ. ನಾಯಿಯ ಹೊಟ್ಟೆಯಡಿ, ತೊಡೆಸಂದಿನಲ್ಲಿ ಕೂದಲು ತೆಳು. ಆ ಭಾಗವನ್ನು ಟೈಲ್ಸಿಗೆ ಒತ್ತಿಕೊಂಡರೆ ಮೈಯ ಬಿಸಿ ನೇರ ನೆಲಕ್ಕಿಳಿಯುತ್ತದೆ. ಹಿಂಗಾಲನ್ನು ಕಪ್ಪೆಯ ಹಾಗೆ ಹಿಂದಕ್ಕೆ ಚಾಚಿ ಮಲಗುತ್ತಾನಲ್ಲ, ಅದು ಇದಕ್ಕೇ. ಒಂದು ಮಧ್ಯಾಹ್ನ ಕೂತು ಗಮನಿಸಿ: ಸ್ವಲ್ಪ ಹೊತ್ತಾದ ಮೇಲೆ ಎದ್ದು, ಎರಡು ಹೆಜ್ಜೆ ಆಚೆ ಹೋಗಿ ಮತ್ತೆ ದೊಪ್ಪೆಂದು ಬೀಳುತ್ತಾನೆ. ಅವನು ಬಿಟ್ಟೆದ್ದ ಜಾಗವನ್ನು ಅಂಗೈಯಲ್ಲಿ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಹೊಸ ತಣ್ಣನೆಯ ತುಂಡು ನೆಲ ಹುಡುಕಿಕೊಂಡು ಹೋಗಿದ್ದಾನೆ. ನಿಮ್ಮ ಮೆತ್ತನೆಯ ಹಾಸಿಗೆಯಾದರೋ ಅವನ ಬಿಸಿಯನ್ನು ಹೀರಿ ಅವನಿಗೇ ವಾಪಸು ಕೊಡುತ್ತದೆ.

ಗಲೀಜಿನ ಚಿಂತೆಗೆ ಬೇರೆ ದಾರಿಯಿದೆ. ಕಮೋಡಿನ ಮುಚ್ಚಳ ಹಾಕಿ. ಫಿನಾಯಿಲು, ಆ್ಯಸಿಡ್, ಬ್ಲೀಚ್ ಎಲ್ಲವನ್ನೂ ಎತ್ತರಕ್ಕೆ ಇಡಿ; ನೆಲ ತೊಳೆದ ಮೇಲೆ ಬರೀ ನೀರಿನಲ್ಲಿ ಇನ್ನೊಮ್ಮೆ ತೊಳೆಯಿರಿ, ಏಕೆಂದರೆ ಅವನು ಆ ನೆಲದ ಮೇಲೆ ಮಲಗಿ ಕಾಲು ನೆಕ್ಕಿಕೊಳ್ಳುತ್ತಾನೆ. ಇನ್ನೊಂದು, ಇದನ್ನು ದಯವಿಟ್ಟು ಮರೆಯಬೇಡಿ: ಗಾಳಿಗೆ ಬಾಗಿಲು ತಾನಾಗಿ ಹಾಕಿಕೊಂಡರೆ ನೀರಿಲ್ಲದ ಪುಟ್ಟ ಕೋಣೆಯಲ್ಲಿ ಸಂಜೆಯವರೆಗೆ ಸಿಕ್ಕಿಕೊಳ್ಳುತ್ತಾನೆ. ಬಾಗಿಲಿಗೆ ಭಾರವಾದದ್ದೇನಾದರೂ ಒತ್ತುಕೊಡಿ, ಇಲ್ಲವೇ ಹಿಡಿಗೆ ಹಗ್ಗ ಕಟ್ಟಿ ಬಿಗಿಯಿರಿ.

ಈಗ ಫ್ಯಾನಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳವಾದದ್ದು ಇಲ್ಲೇ. ಫ್ಯಾನ್ ತಿರುಗುತ್ತಿದೆ, ಅಂದಮೇಲೆ ನಾಯಿ ತಂಪಾಗಿದೆ ಎಂದು ನಾವು ನೆಮ್ಮದಿಯಾಗಿ ಬೀಗ ಹಾಕುತ್ತೇವೆ. ಒಂದು ಸಣ್ಣ ಪರೀಕ್ಷೆ ಮಾಡಿ. ಒಣ ಮುಂಗೈ ಮೇಲೆ ಬಾಯಿಂದ ಗಾಳಿ ಊದಿ. ಆಮೇಲೆ ಅದನ್ನೇ ನೀರಲ್ಲಿ ಒದ್ದೆ ಮಾಡಿ ಊದಿ. ಎರಡನೆಯ ಸಲ ತಣ್ಣಗಾಯಿತಲ್ಲ, ಅದು ಗಾಳಿಯ ಉಪಕಾರಕ್ಕಿಂತ ನೀರು ಆವಿಯಾದದ್ದರ ಉಪಕಾರ. ಫ್ಯಾನಿನ ಕೆಳಗೆ ನಮಗೆ ಹಾಯೆನಿಸುವುದು ಮೈಯೆಲ್ಲ ಬೆವರುವುದರಿಂದ. ನಾಯಿ ಹೀಗೆ ಬೆವರುವುದು ಅಂಗಾಲಿನಲ್ಲಿ ಮಾತ್ರ, ಅದೂ ಲೆಕ್ಕಕ್ಕೆ ಸಿಗದಷ್ಟು. ಕರಿಯನ ಒಣ ತುಪ್ಪಳದ ಮೇಲೆ ಫ್ಯಾನ್ ಬಿಸಿಗಾಳಿಯನ್ನು ತಿರುಗಿಸುತ್ತಿರುತ್ತದೆ.

ಅವನ ಬೆವರೆಲ್ಲ ಬಾಯಲ್ಲಿದೆ ಅನ್ನಿ. ಸುಮ್ಮನೆ ಮಲಗಿದ ನಾಯಿ ನಿಮಿಷಕ್ಕೆ 10ರಿಂದ 30 ಸಲ ಉಸಿರಾಡಿದರೆ, ನಾಲಗೆ ಚಾಚಿ ತೇಕುವಾಗ ಅದು 200 ದಾಟಿ 300ಕ್ಕೂ ಏರುತ್ತದೆ. ಮೂಗು, ಬಾಯಿ, ನಾಲಗೆಯ ತೇವವೆಲ್ಲ ಆ ಗಾಳಿಗೆ ಆವಿಯಾಗಿ, ಅಲ್ಲಿ ಹರಿಯುವ ರಕ್ತ ತಣಿಯುತ್ತದೆ. ಚೊಕ್ಕ ಏರ್ಪಾಡು, ಆದರೆ ಎರಡು ಕಡೆ ಕೈಕೊಡುತ್ತದೆ. ಪಗ್, ಬುಲ್‌ಡಾಗ್, ಶಿಟ್ಜು ಮೊದಲಾದ ಚಪ್ಪಟೆ ಮೂಗಿನ ನಾಯಿಗಳಿಗೆ ಗಾಳಿಯ ದಾರಿಯೇ ಇಕ್ಕಟ್ಟು. ತೇಕುವ ಶ್ರಮವೇ ಅವುಗಳ ಮೈಯನ್ನು ಇನ್ನಷ್ಟು ಕಾಯಿಸುತ್ತದೆ. ಇನ್ನೊಂದು, ಗಾಳಿಯಲ್ಲಿ ತೇವ ತುಂಬಿದ ದಿನ. ನಮ್ಮ ಅಂಗಿ ಬೆನ್ನಿಗೆ ಅಂಟುವ ಸೆಕೆಯಲ್ಲಿ ನಾಯಿ ಎಷ್ಟು ತೇಕಿದರೂ ಬಾಯ ತೇವ ಆರುವುದಿಲ್ಲ. ಆದ್ದರಿಂದ ಥರ್ಮಾಮೀಟರಿನ ಅಂಕಿಯೊಂದನ್ನೇ ನಂಬಬೇಡಿ. ಕಿಟಕಿ ಮುಚ್ಚಿ ಏರ್ ಕೂಲರ್ ಓಡಿಸುವುದೂ ಇದೇ ತಪ್ಪು: ಅದು ಕೋಣೆಗೆ ತೇವ ತುಂಬುತ್ತಾ ಹೋಗುತ್ತದೆ, ಹೊರಗೆ ಹೋಗಲು ದಾರಿ ಬೇಕು.

ಫ್ಯಾನ್ ಬೇಡವೆಂದೇನೂ ಹೇಳುತ್ತಿಲ್ಲ. ಹೊರಡುವ ಮುಂಚೆ ಕರಿಯನ ಹೊಟ್ಟೆ, ಕಂಕುಳು, ಕಾಲುಗಳನ್ನು ಚರ್ಮಕ್ಕೆ ನೀರು ಮುಟ್ಟುವ ಹಾಗೆ ಒದ್ದೆ ಮಾಡಿ. ಆಗ ಫ್ಯಾನಿನ ಗಾಳಿಗೆ ಕೆಲಸ ಸಿಗುತ್ತದೆ. ಮೇಲಿಂದ ನೀರು ಚಿಮುಕಿಸಿದರೆ ಲ್ಯಾಬ್ರಡಾರಿನ ಕೂದಲು ಅದನ್ನು ಕೊಡವಿ ಬಿಸಾಡುತ್ತದೆ, ನೀವು ಮಾತ್ರ ಒದ್ದೆಯಾಗುತ್ತೀರಿ. ಮಧ್ಯಾಹ್ನ ಬಿಸಿಲು ಬೀಳುವ ಕಿಟಕಿಗಳಿಗೆ ಬೆಳಗ್ಗೆಯೇ ಪರದೆ ಎಳೆದು ಹೋಗಿ. ಬಿಸಿಲು ಒಳಗೆ ಬಂದಮೇಲೆ ಎಳೆದು ಫಲವಿಲ್ಲ. ಏಸಿ ಇದ್ದರೆ ಹಾಕಿ, ಆದರೆ ಆ ಕೋಣೆಯ ಬಾಗಿಲು ಭದ್ರ ಮಾಡಬೇಡಿ. ಕರೆಂಟು ಹೋದ ಅರ್ಧ ದಿನ ಮುಚ್ಚಿದ ಕೋಣೆಯೊಳಗೆ ಹೇಗಿರುತ್ತದೆಂದು ಯೋಚಿಸಿ.

ನೀರನ್ನು ಎರಡು ಮೂರು ಕಡೆ ಇಡಿ. ಬುಡ ಅಗಲವಾಗಿರುವ ಭಾರದ ಪಾತ್ರೆ ಬೇಕು. ಒಂದೇ ಬಟ್ಟಲಿಟ್ಟು ಹೋದರೆ ಹತ್ತು ಗಂಟೆಗೆ ಅದನ್ನು ಉರುಳಿಸಿ ಆರರವರೆಗೆ ಬಾಯಾರಿ ಕೂರುತ್ತಾನೆ. ಸಾಮಾನ್ಯ ದಿನಗಳಲ್ಲಿ ಕಿಲೋ ತೂಕಕ್ಕೆ 50ರಿಂದ 60 ಮಿಲಿಲೀಟರ್ ನೀರು ಬೇಕೆಂದು ಲೆಕ್ಕ. ಕರಿಯ 35 ಕಿಲೋ ಇದ್ದಾನೆಂದರೆ ಸುಮಾರು ಎರಡು ಲೀಟರ್. ಬೇಸಿಗೆಯಲ್ಲಿ ಅದಕ್ಕೂ ಹೆಚ್ಚು.

ಐಸ್ ನೀರಿನಿಂದ ಹೊಟ್ಟೆ ಉಬ್ಬಿ ತಿರುಚಿಕೊಳ್ಳುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ತಣ್ಣೀರು ಕೊಡಿ, ನಾಲ್ಕು ಐಸ್ ತುಂಡು ತೇಲಿಸಿದರೂ ಸರಿ. ಆಡಿ ಬಂದ ತಕ್ಷಣ ಬಕೆಟ್ಟಿಗೆ ಮುಖ ಹಾಕಿ ಗಟಗಟ ಕುಡಿಯಲು ಮಾತ್ರ ಬಿಡಬೇಡಿ. ನೀರು ಯಾವುದೇ ಇರಲಿ, ಸ್ವಲ್ಪ ಸ್ವಲ್ಪವಾಗಿ ಕೊಡಿ. ಗಟ್ಟಿ ಐಸ್ ಗಡ್ಡೆಯನ್ನು ಕಚ್ಚಲು ಕೊಟ್ಟರೆ ಹಲ್ಲು ಮುರಿಯಬಹುದು.

ಬೋಳಿಸುವುದು ಬೇಡ. ಲ್ಯಾಬ್ರಡಾರಿಗೆ ಎರಡು ಪದರದ ಕೂದಲು. ಹೊರಗಿನದು ಬಿಸಿಲು ಚರ್ಮಕ್ಕೆ ತಾಗದ ಹಾಗೆ ತಡೆಯುತ್ತದೆ. ಸೆಕೆಗೆ ಕಾರಣವಾಗುವುದು ಒಳಗೆ ಉದುರಿ ಸಿಕ್ಕಿಕೊಂಡಿರುವ ನಯವಾದ ಹಳೆಯ ತುಪ್ಪಳ. ದಿನಾ ಹತ್ತು ನಿಮಿಷ ಬ್ರಷ್ ಹಾಕಿ ಅದನ್ನು ತೆಗೆದರೆ ಗಾಳಿ ಆಡುತ್ತದೆ. ಮೊದಲ ವಾರ ಬರುವ ಕೂದಲಿನ ರಾಶಿ ನೋಡಿದರೆ ಮನೆಯಲ್ಲಿ ಇನ್ನೊಂದು ನಾಯಿ ಹುಟ್ಟಿದೆ ಅನ್ನಿಸುತ್ತದೆ. ಪೂರ್ತಿ ಬೋಳಿಸಿದರೆ ಚರ್ಮ ಬಿಸಿಲಿಗೆ ಸುಡುತ್ತದೆ, ಕೆಲವು ನಾಯಿಗಳಲ್ಲಿ ಕೂದಲು ಮೊದಲಿನಂತೆ ಬೆಳೆಯುವುದೂ ಇಲ್ಲ. ಕಪ್ಪು ಬಣ್ಣದ ಚಿಂತೆ ಬಿಸಿಲಿಗೆ ಹೋದಾಗ. ನೆರಳಿನಲ್ಲಿ, ಮನೆಯೊಳಗೆ ಅದರಿಂದ ತೊಂದರೆಯಿಲ್ಲ. ತೂಕದ ಮಾತು ಹಾಗಲ್ಲ. ಕೊಬ್ಬಿನ ಪದರ ಶಾಖವನ್ನು ಒಳಗೇ ಹಿಡಿದಿಡುತ್ತದೆ, ಉಸಿರಾಟವನ್ನೂ ಕಷ್ಟ ಮಾಡುತ್ತದೆ. ‘ಸ್ವಲ್ಪ ಜಾಸ್ತಿ’ ಎಂದು ಬರೆದು ಮುಂದಕ್ಕೆ ಹೋಗಿದ್ದೀರಿ. ನಾನಾದರೆ ಬೋಳಿಸುವ ಖರ್ಚು ಉಳಿಸಿ, ಅವನ ಊಟದ ಅಳತೆಯ ಬಗ್ಗೆ ಡಾಕ್ಟರನ್ನು ಕೇಳುತ್ತಿದ್ದೆ. ಜೊತೆಗೆ ಒಂದು ಮಾತು: ವಯಸ್ಸಾಗುತ್ತಿರುವ ಲ್ಯಾಬ್ರಡಾರಿನ ಬೊಗಳು ಒಡೆದ ಹಾಗಾದರೆ, ಉಸಿರಿನಲ್ಲಿ ಗೊರಗೊರ ಶಬ್ದ ಬಂದರೆ ತೋರಿಸಿ. ಧ್ವನಿಪೆಟ್ಟಿಗೆ ಸರಿಯಾಗಿ ತೆರೆದುಕೊಳ್ಳದ ಕಾಯಿಲೆ ಈ ತಳಿಯಲ್ಲಿ ಹೆಚ್ಚು, ಅಂಥ ನಾಯಿಗೆ ಸೆಕೆ ಬಲು ಅಪಾಯ.

ಒದ್ದೆ ಟವೆಲ್ ಹೊದಿಸಿ ಹೋಗಲೇಬೇಡಿ. ಸ್ವಲ್ಪ ಹೊತ್ತಿಗೆ ಟವೆಲ್ ಮೈಯಷ್ಟೇ ಬಿಸಿಯಾಗಿ, ಗಾಳಿ ತಾಗದ ಹಾಗೆ ಮುಚ್ಚಿ, ಕಂಬಳಿಯ ಕೆಲಸ ಮಾಡುತ್ತದೆ. ಬೇಕಾದರೆ ನೆಲಕ್ಕೆ ಹಾಸಿ. ಅವನು ಬೇಕೆನಿಸಿದರೆ ಮಲಗುತ್ತಾನೆ, ಬೇಡವೆನಿಸಿದರೆ ಎದ್ದುಹೋಗುತ್ತಾನೆ.

ನೀವು ಕೇಳದ ಒಂದು ವಿಷಯ ಹೇಳಬೇಕು, ಏಕೆಂದರೆ ಇದರಲ್ಲಿ ನಾನೇ ಎಡವಿದ್ದೇನೆ. ನಮ್ಮ ಮನೆಯಲ್ಲಿ ಒಬ್ಬಳು ನಾಟಿ ನಾಯಿ ಇದ್ದಳು, ಚೆಂಡೆಂದರೆ ಪ್ರಾಣ. ಒಂದು ಸಂಜೆ ಬಿಸಿಲು ಇಳಿದಿದೆಯಲ್ಲ ಎಂದು ಇಪ್ಪತ್ತು ನಿಮಿಷ ಚೆಂಡೆಸೆದೆ. ಬಿಸಿಲು ಇಳಿದಿತ್ತು, ನೆಲ ಇನ್ನೂ ಕಾದಿತ್ತು. ಪ್ರತಿ ಸಲವೂ ಚೆಂಡು ತಂದು ಕಾಲ ಬಳಿ ಹಾಕುತ್ತಿದ್ದಳು, ಸಾಕು ಎನ್ನುವುದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಾಗಬೇಕಿತ್ತು. ನಾಲಗೆಯ ತುದಿ ಸೌಟಿನಂತೆ ಅಗಲವಾಗಿ ಜೋತುಬಿದ್ದಾಗ ಗಾಬರಿಯಾಗಿ ಅಂಗಳದ ಪೈಪು ಹಿಡಿದು ಅವಳ ಮೇಲೆ ಬಿಟ್ಟೆ. ದಿನವಿಡೀ ಬಿಸಿಲಲ್ಲಿ ಬಿದ್ದಿದ್ದ ಕಪ್ಪು ಪೈಪು. ಮೊದಲು ಬಂದದ್ದು ಸುಡುನೀರು. ಕುಂಯ್ ಎಂದು ಕಿರುಚಿ ಮಂಚದ ಕೆಳಗೆ ನುಗ್ಗಿದವಳನ್ನು ಹೊರಗೆ ಕರೆಯಲು ಬಹಳ ಹೊತ್ತು ಹಿಡಿಯಿತು. ಬದುಕಿಕೊಂಡಳು. ಅಂದಿನಿಂದ ಪೈಪಿನ ನೀರನ್ನು ಮೊದಲು ನನ್ನ ಕೈಮೇಲೆ ಬಿಟ್ಟುಕೊಳ್ಳದೆ ಯಾವ ಪ್ರಾಣಿಯ ಮೇಲೂ ಬಿಟ್ಟಿಲ್ಲ.

ನನ್ನ ತಪ್ಪು ಅಪರೂಪದ್ದೂ ಅಲ್ಲ. ಬ್ರಿಟನ್ನಿನ ಪಶುವೈದ್ಯರ ದಾಖಲೆಗಳನ್ನು ಜಾಲಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೀಟ್‌ಸ್ಟ್ರೋಕ್ ಆದ ನಾಯಿಗಳ ಪೈಕಿ ಸುಮಾರು ಮುಕ್ಕಾಲು ಪಾಲಿಗೆ ಕಾರಣ ಓಟ, ಆಟ, ನಡಿಗೆ. ಬಿಸಿಲಲ್ಲಿ ನಿಲ್ಲಿಸಿದ ಕಾರು ಅದಕ್ಕಿಂತ ಎಷ್ಟೋ ಹಿಂದೆ. (ಕಾರಿನಲ್ಲಿ ಬಿಡುವುದು ಐದು ನಿಮಿಷಕ್ಕೂ ಬೇಡ, ಗಾಜು ಎರಡು ಇಂಚು ಇಳಿಸಿದರೆ ಏನೂ ಉಪಯೋಗವಿಲ್ಲ.) ಹಾಗಾಗಿ ಕರಿಯನನ್ನು ಸೂರ್ಯ ಹುಟ್ಟುವ ಹೊತ್ತಿಗೇ ತಿರುಗಾಡಿಸಿಕೊಂಡು ಬನ್ನಿ, ದಿನದಲ್ಲಿ ಹೆಚ್ಚು ತಂಪಿರುವುದು ಆಗಲೇ. ಸಂಜೆ ಹೋಗುವುದಾದರೆ ರಸ್ತೆಯ ಮೇಲೆ ಮುಂಗೈ ಊರಿ ಏಳು ಎಣಿಸಿ. ನಿಮಗೆ ತಡೆಯಲಾಗದಿದ್ದರೆ ಅವನ ಅಂಗಾಲಿಗೂ ತಡೆಯದು. ಬೇಸಿಗೆಯ ಮೊದಲ ಬಿಸಿ ವಾರದಲ್ಲಿ ಇನ್ನೂ ಎಚ್ಚರ, ಮೈ ಒಗ್ಗಿಕೊಂಡಿರುವುದಿಲ್ಲ. ಒಂದು ದಿನ ತಿರುಗಾಟ ತಪ್ಪಿದರೆ ಯಾವ ನಾಯಿಗೂ ಏನೂ ಆಗುವುದಿಲ್ಲ.

ಕೆಲಸದಿಂದ ಬಂದಾಗ ಅವನು ಎದ್ದು ಬರದೆ, ತೇಕುತ್ತಲೇ ಬಿದ್ದಿದ್ದರೆ ಒಸಡು ನೋಡಿ. ಕಡುಗೆಂಪಾಗಿದೆಯೇ, ಇಲ್ಲವೇ ಬಿಳಚಿಕೊಂಡಿದೆಯೇ? ಜೊಲ್ಲು ದಪ್ಪಗೆ ಹಗ್ಗದಂತೆ ಇಳಿಯುತ್ತಿದೆಯೇ? ವಾಂತಿ, ಭೇದಿ, ತೂರಾಡುವ ನಡಿಗೆ ಇದೆಯೇ? ನಾಯಿಯ ಮೈ ಸಹಜವಾಗಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ನಮಗಿಂತ ಬಿಸಿಯೇ, ಮುಟ್ಟಿ ಹೇಳಲಾಗದು. 41 ದಾಟಿತೆಂದರೆ ಒಳಗಿನ ಅಂಗಗಳು ಕೆಡಲು ಶುರು. ಆಗ ಮೊದಲು ತಣಿಸಿ, ಆಮೇಲೆ ಗಾಡಿ ಹತ್ತಿಸಿ. ದಾರಿಯಲ್ಲಿ ಕಳೆಯುವ ಬಿಸಿ ನಿಮಿಷಗಳೇ ಪ್ರಾಣ ತೆಗೆಯುತ್ತವೆ. ನೆರಳಿಗೆ ತಂದು ಕೊಳಾಯಿಯ ತಣ್ಣೀರನ್ನು ಕುತ್ತಿಗೆಯಿಂದ ಕಾಲಿನವರೆಗೆ, ಹೊಟ್ಟೆಗೆ, ತೊಡೆಸಂದಿಗೆ ಸುರಿಯುತ್ತಲೇ ಇರಿ, ಒಬ್ಬರು ಗಾಳಿ ಬೀಸಲಿ. ಮೂಗು ಬಾಯಿಗೆ ನೀರು ಹೋಗದಿರಲಿ. ಐಸ್ ಎಲ್ಲಿದೆಯೆಂದು ಹುಡುಕುತ್ತ ಹೊತ್ತು ಕಳೆಯಬೇಡಿ, ಅವನ ಮೈಗಿಂತ ತಣ್ಣಗಿರುವ ಯಾವ ನೀರಾದರೂ ಆದೀತು. ಎಚ್ಚರವಿದ್ದರೆ ಕುಡಿಯಲು ಮುಂದಿಡಿ, ಬಲವಂತವಾಗಿ ಹುಯ್ಯಬೇಡಿ. ಜ್ವರದ ಮಾತ್ರೆ ಬೇಡವೇ ಬೇಡ: ಈ ಬಿಸಿ ಅದಕ್ಕೆ ಇಳಿಯುವುದಿಲ್ಲ, ಪ್ಯಾರಸಿಟಮಾಲ್, ಐಬುಪ್ರೊಫೇನ್ ನಾಯಿಗೆ ವಿಷವಾಗಬಹುದು. ಗುದದ್ವಾರದಲ್ಲಿಟ್ಟ ಥರ್ಮಾಮೀಟರ್ 39.5ಕ್ಕೆ ಇಳಿದಾಗ ನೀರು ನಿಲ್ಲಿಸಿ. ಎದ್ದು ಬಾಲ ಅಲ್ಲಾಡಿಸಿದರೂ ಅಂದೇ ಡಾಕ್ಟರಿಗೆ ತೋರಿಸಿ; ಮೂತ್ರಪಿಂಡದ ತೊಂದರೆ, ರಕ್ತ ಹೆಪ್ಪುಗಟ್ಟದಿರುವುದು ಎಷ್ಟೋ ಗಂಟೆಗಳ ನಂತರ, ಮಾರನೇ ದಿನವೂ ಕಾಣಿಸಿಕೊಳ್ಳಬಹುದು.

ಬರುವ ರಜಾದಿನ ಮನೆಯ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಕರಿಯ ಎಲ್ಲಿ ಮಲಗಿದ್ದಾನೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನೀರಿನ ಪಾತ್ರೆಗಳನ್ನು ಆ ಜಾಗಗಳ ಪಕ್ಕದಲ್ಲೇ ಇಡಿ. ಹಾಸಿಗೆಯನ್ನು ಒಗೆದು ಚಳಿಗಾಲಕ್ಕೆ ಎತ್ತಿಡಿ.